ಹಾಲೂಡುವ ತಾಯಿಯ ನೋಂಪಿ

ಶ್ರೀ ವೀತರಾಗಾಯ ನಮಃ



ಭಾದ್ರಪದ ಮಾಸವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಒಂದು ಪವಿತ್ರವಾದ ಸಡಗರ ತಲೆದೋರುತ್ತದೆ. ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಯಾರು ಏಕಭುಕ್ತ ಮಾಡುವವರು, ಯಾರು ಉಪವಾಸ ಹಿಡಿಯುವವರು, ಯಾರ ಅನಂತ ನೋಂಪಿಗೆ ಈ ವರ್ಷ ಉದ್ಯಾಪನೆ ಎಂಬ ಮಾತುಗಳು ಬಸದಿಯ ಅಂಗಳದಿಂದ ಅಡುಗೆಮನೆಯವರೆಗೂ ಹರಿದಾಡುತ್ತವೆ. ಇಂಥ ಮನೆಯಲ್ಲಿ ಮೂರು ತಿಂಗಳ ಹಸುಳೆಯನ್ನು ಮಡಿಲಲ್ಲಿಟ್ಟುಕೊಂಡ ಸೊಸೆಯೊಬ್ಬಳಿದ್ದರೆ ಅವಳ ಮನಸ್ಸಿನಲ್ಲಿ ಒಂದು ತಳಮಳವೂ ಹುಟ್ಟುತ್ತದೆ. ಎಲ್ಲರೂ ಉಪವಾಸವಿರುವಾಗ ತಾನೊಬ್ಬಳೇ ಎಲೆ ಹಾಕಿಸಿಕೊಂಡು ಕುಳಿತುಕೊಳ್ಳುವುದೇ? ಮದುವೆಯಾದ ವರ್ಷ ಹಿಡಿದ ನೋಂಪಿ ನಡುವೆ ನಿಂತರೆ ದೋಷವಲ್ಲವೇ? ಬಾಯಿಬಿಟ್ಟು ಕೇಳಲು ಸಂಕೋಚ. ಕೇಳಿದರೆ ಒಬ್ಬರು "ದೇವರ ಕೆಲಸ, ಏನೂ ಆಗುವುದಿಲ್ಲ, ಮಾಡು" ಎನ್ನುತ್ತಾರೆ. ಮತ್ತೊಬ್ಬರು "ಬಾಣಂತಿಗೆ ಧರ್ಮವೇ ಇಲ್ಲ, ಸುಮ್ಮನಿರು" ಎನ್ನುತ್ತಾರೆ. ಈ ಎರಡು ಮಾತುಗಳೂ ಆಗಮಕ್ಕೆ ಒಪ್ಪುವಂಥವಲ್ಲ. ಹೇಗೆಂಬುದನ್ನು ವಿಚಾರಿಸೋಣ.

ಮೊದಲು ವ್ರತಗಳ ತಾಯಿಬೇರನ್ನು ನೋಡಬೇಕು. ಶ್ರಾವಕನ ಐದು ಅಣುವ್ರತಗಳಲ್ಲಿ ಮೊದಲನೆಯದು ಅಹಿಂಸೆ. ಉಳಿದವೆಲ್ಲ ಅದಕ್ಕೆ ಬೇಲಿಗಳು. ಆ ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಐದನೆಯದನ್ನೇ ಆಹಾರವಾರಣ ಎಂದು ಕರೆದಿದ್ದಾರೆ. ತನ್ನನ್ನು ನಂಬಿ ಬದುಕುವ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ದೊರೆಯದಂತೆ ಮಾಡುವುದು ಎಂದು ಇದರ ಅರ್ಥ. ಕೊಟ್ಟಿಗೆಯ ದನವನ್ನು ಹಸಿವಿನಲ್ಲಿ ಕಟ್ಟಿಹಾಕುವುದು ಇದಕ್ಕೆ ನಾವು ಕೊಡುವ ವಾಡಿಕೆಯ ಉದಾಹರಣೆ. ಆದರೆ ದನಕ್ಕಾದರೂ ಹಗ್ಗ ಬಿಚ್ಚಿದರೆ ಮೇಯುವ ಶಕ್ತಿಯುಂಟು. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಎದೆಯ ಹೊರತು ಬೇರೆ ಹುಲ್ಲುಗಾವಲೇ ಇಲ್ಲ. ಆ ಕೂಸಿನ ಆಹಾರಕ್ಕೆ ಕೊರತೆ ತರುವ ಉಪವಾಸವು ಒಂದು ಕೈಯಿಂದ ಶೀಲವ್ರತವನ್ನು ಹಿಡಿದು ಇನ್ನೊಂದು ಕೈಯಿಂದ ಮೂಲವ್ರತವನ್ನು ಸಡಿಲಿಸಿದಂತೆ. ಕೊಂಬೆಗೆ ನೀರೆರೆಯಲು ಹೋಗಿ ಬೇರನ್ನು ಕಡಿಯುವುದು ಧರ್ಮವಾಗುವುದೇ?

ಎರಡನೆಯದಾಗಿ, ಮೂಲಾಚಾರದ ಪಿಂಡಶುದ್ಧಿ ಪ್ರಕರಣವನ್ನು ಗಮನಿಸಬೇಕು. ಮುನಿಗಳಿಗೆ ಆಹಾರದಾನ ಮಾಡುವುದಕ್ಕಿಂತ ದೊಡ್ಡ ಭಾಗ್ಯ ಗೃಹಸ್ಥನಿಗೆ ಮತ್ತೊಂದಿಲ್ಲ. ಆದರೂ ಅಲ್ಲಿ ವಟ್ಟಕೇರಾಚಾರ್ಯರು ದಾಯಕದೋಷಗಳನ್ನು ಎಣಿಸುವಾಗ, ಹಾಲು ಕುಡಿಯುತ್ತಿರುವ ಮಗುವನ್ನು ಕೆಳಗಿಳಿಸಿ ಬಂದು ಆಹಾರ ಕೊಡುವವಳನ್ನೂ ಸೇರಿಸಿದ್ದಾರೆ. ಹಾಗೆ ಕೊಟ್ಟ ಆಹಾರ ಮುನಿಗಳಿಗೆ ಗ್ರಾಹ್ಯವಲ್ಲ. ನಿರ್ಗ್ರಂಥ ಮುನಿಯ ಪಾತ್ರದಾನವೇ ಹಸುಳೆಯ ಹಾಲಿನ ಸರದಿಗಾಗಿ ಕಾದು ನಿಲ್ಲಬೇಕಾದಲ್ಲಿ, ನಮ್ಮ ನೋಂಪಿಯ ಲೆಕ್ಕ ಕಾಯಲಾರದೇ?

ಅದೇ ಗ್ರಂಥದಲ್ಲಿ ಧಾತ್ರೀದೋಷ ಎಂಬುದೊಂದಿದೆ. ಕೂಸನ್ನು ಮೀಯಿಸುವುದು, ಅಲಂಕರಿಸುವುದು, ಆಡಿಸುವುದು, ಹಾಲೂಡುವುದು, ಮಲಗಿಸುವುದು ಎಂಬ ದಾದಿಯ ಐದು ಕೆಲಸಗಳನ್ನು ಮುನಿಯಾದವನು ಗೃಹಸ್ಥರಿಗೆ ಉಪದೇಶಿಸಿ ಆ ಮೂಲಕ ಆಹಾರ ಪಡೆಯಬಾರದು. ಮುನಿಗೆ ಇದು ದೋಷ, ಏಕೆಂದರೆ ಅವನು ಮನೆಯನ್ನು ತೊರೆದವನು. ಮನೆಯಲ್ಲಿರುವ ತಾಯಿಗೆ ಈ ಐದೂ ಕರ್ತವ್ಯಗಳು. ಅನಗಾರಧರ್ಮವನ್ನು ಸಾಗಾರಧರ್ಮದ ಮೇಲೆ ಹೊರಿಸಿದರೆ ಎರಡೂ ಕೆಡುತ್ತವೆ.

ಇನ್ನು ಲೌಕಿಕವಾದ ಮಾತು. ಎಳೆಯ ಕೂಸು ಹಗಲಿರುಳು ಸೇರಿ ಎಂಟರಿಂದ ಹನ್ನೆರಡು ಬಾರಿ ಹಾಲು ಕುಡಿಯುತ್ತದೆ. ಆ ಹಾಲು ತಾಯಿಯ ದೇಹದಿಂದಲೇ ಬರಬೇಕು. ಅವಳು ಉಣ್ಣದಿದ್ದರೆ ದೇಹದಲ್ಲಿ ಕೂಡಿಟ್ಟದ್ದು ಕರಗುತ್ತದೆ. ಹೆರಿಗೆಯ ನಂತರದ ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ವಾಡಿಕೆಯ ಆಹಾರಕ್ಕಿಂತ ದಿನಕ್ಕೆ 600 ಕಿಲೋಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ತನ್ನ ಪಟ್ಟಿಯಲ್ಲಿ ಹೇಳಿದೆ. ಅಂದರೆ ಹೆಚ್ಚುಕಡಮೆ ಇನ್ನೊಂದು ಊಟ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು ರಾತ್ರಿಯ ನಿದ್ರೆಯನ್ನೂ ಕಳೆದುಕೊಳ್ಳುತ್ತಿರುವ ಹೆಣ್ಣು ನೀರನ್ನೂ ಬಿಟ್ಟು ಉಪವಾಸವಿದ್ದರೆ ತಲೆಸುತ್ತು, ಬಳಲಿಕೆಗಳು ಬರುವುದು ಸಹಜ.

ಕೂಸಿಗೆ ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಮೆತ್ತನೆಯ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮಗೆ ಇದು ತೀರ ಹೊಸದಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಹೇಳಿರುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ನಾಮಕರ್ಮ, ಬಹಿರ್ಯಾನ, ನಿಷದ್ಯೆಗಳು ಕಳೆದ ಮೇಲೆಯೇ ಅನ್ನಪ್ರಾಶನದ ಸರದಿ. ಹುಟ್ಟಿದೊಡನೆ ಕೂಸಿನ ನಾಲಿಗೆಗೆ ಜೇನು ಸವರುವ ರೂಢಿ ನೆರೆಹೊರೆಯಲ್ಲಿ ಉಂಟು. ನಮ್ಮ ಅಷ್ಟಮೂಲಗುಣಗಳಲ್ಲಿ ಮದ್ಯ ಮಾಂಸಗಳೊಡನೆ ಮಧುವಿನ ತ್ಯಾಗವೂ ಸೇರಿರುವುದರಿಂದ ಜೈನರ ಮನೆಯಲ್ಲಿ ಅದಕ್ಕೆ ಎಡೆಯಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನು ಅಪಾಯಕರವೆಂದು ವೈದ್ಯರೂ ಹೇಳುತ್ತಾರೆ. ಮೊದಲ ದಿನಗಳಲ್ಲಿ ಬರುವ ಗಟ್ಟಿಯಾದ ಹಳದಿ ಹಾಲನ್ನು ಮಾತ್ರ ಕೆಲವರು ಹೊಲಸೆಂದು ಹಿಂಡಿ ಚೆಲ್ಲುತ್ತಾರೆ. ಹಾಗೆ ಮಾಡಕೂಡದು. ರೋಗವನ್ನು ತಡೆಯುವ ಶಕ್ತಿ ಕೂಸಿಗೆ ದೊರೆಯುವುದು ಆ ಹಾಲಿನಿಂದಲೇ. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕು.

"ಹಾಗಾದರೆ ನನಗೆ ತಪಸ್ಸೇ ಇಲ್ಲವೇ?" ಎಂದು ತಾಯಿ ಕೇಳಬಹುದು. ಇದೆ. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ಒಂದೇ ವಿಶೇಷಣ ಸೇರಿಕೊಂಡಿದೆ. ಶಕ್ತಿಯನ್ನು ಮುಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು. ಹಾಲೂಡುವವಳ ಶಕ್ತಿ ಎರಡು ದೇಹಗಳಿಗೆ ಹಂಚಿಹೋಗಿದೆ. ಅವಳ ಅಳತೆಗೋಲು ಬೇರೆ. ಬಾಹ್ಯತಪಸ್ಸು ಆರು ಬಗೆ. ಅನಶನವು ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬ ಉಂಡೂ ರಸಪರಿತ್ಯಾಗ ಮಾಡಬಹುದು: ಪರ್ವದ ಒಂದು ದಿನ ಸಕ್ಕರೆಯನ್ನೋ ಇನ್ನೊಂದು ದಿನ ಕರಿದ ತಿಂಡಿಯನ್ನೋ ಬಿಡಬಹುದು. ಹಾಲು, ತುಪ್ಪ, ಬೇಳೆಗಳನ್ನು ಬಿಡಬೇಕಾಗಿಲ್ಲ. ಬೆಳ್ಳುಳ್ಳಿ ತಿನ್ನದಿದ್ದರೆ ಹಾಲು ಬಾರದು ಎಂಬ ಅಂಜಿಕೆಯೂ ಬೇಡ. ಕಂದಮೂಲವನ್ನು ಮುಟ್ಟದ ನಮ್ಮ ಹಿರಿಯ ಹೆಣ್ಣುಮಕ್ಕಳು ರಾಗಿ, ಹೆಸರು, ತೊಗರಿ, ಎಳ್ಳು, ಕೊಬ್ಬರಿ, ಬೆಲ್ಲ, ಮೆಂತ್ಯ, ಜೀರಿಗೆಗಳಿಂದಲೇ ಬಾಣಂತನ ಮಾಡಿ ಮಕ್ಕಳನ್ನು ಬೆಳೆಸಿದ್ದಾರೆ.

ರಾತ್ರಿಭೋಜನತ್ಯಾಗದ ವಿಷಯದಲ್ಲಿಯೂ ಸಂಶಯಗಳುಂಟು. ನಡುರಾತ್ರಿ ಕೂಸಿಗೆ ಹಾಲೂಡಿದರೆ ವ್ರತಭಂಗವೇ? ಅಲ್ಲ. ವ್ರತವು ಅರಿತು ಸ್ವೀಕರಿಸಿದವರದು. ಅರಿಯದ ಹಸುಳೆಗೆ ವ್ರತವಿಲ್ಲ. ಅದರ ಹಸಿವನ್ನು ತಣಿಸುವುದರಿಂದ ತಾಯಿ ತಾನು ಉಂಡಂತಾಗುವುದಿಲ್ಲ. ತಾಯಿಯ ಬಾಯಾರಿಕೆಯ ಮಾತೇನು? ಆಹಾರವನ್ನು ಅನ್ನ, ಪಾನ, ಖಾದ್ಯ, ಲೇಹ್ಯ ಎಂದು ನಾಲ್ಕಾಗಿ ವಿಂಗಡಿಸಿರುವುದೇ ತ್ಯಾಗದಲ್ಲಿ ಮೆಟ್ಟಿಲುಗಳಿರಲೆಂದು. ಅಭ್ಯಾಸದಲ್ಲಿರುವ ಶ್ರಾವಿಕೆ ಅನ್ನ, ಖಾದ್ಯ, ಲೇಹ್ಯಗಳನ್ನು ಬಿಟ್ಟು ಈ ಕಾಲಕ್ಕೆ ನೀರನ್ನೂ ಔಷಧವನ್ನೂ ಇಟ್ಟುಕೊಂಡು ನಿಯಮ ಮಾಡಬಹುದು. ಮೊದಲೇ ಕಠಿಣವಾದ ನಿಯಮ ಹಿಡಿದವಳು, ಅಥವಾ ನೋಂಪಿಯ ನಡುವೆ ತಾಯಿಯಾದವಳು, ತಾನಾಗಿ ಮುರಿಯುವುದೂ ಬೇಡ, ಪ್ರಾಣಕ್ಕೆ ತಂದುಕೊಳ್ಳುವುದೂ ಬೇಡ. ಮುನಿಗಳ ಅಥವಾ ಮಾತಾಜಿಯವರ ಸನ್ನಿಧಿಯಲ್ಲಿ ಇದ್ದುದನ್ನು ಇದ್ದಂತೆ ನಿವೇದಿಸಿ ಅವರು ತೋರಿದ ಕ್ರಮದಲ್ಲಿ ನಡೆಯತಕ್ಕದ್ದು. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡಿ ದಾರಿ ಹೇಳುವುದಕ್ಕೆಂದೇ ಗುರುಗಳಿದ್ದಾರೆ.

ಪರಂಪರೆಯ ಕಥೆಯೊಂದು ಎಲ್ಲರಿಗೂ ತಿಳಿದಿದೆ. ಪೌದನಪುರದ ಬಾಹುಬಲಿಯ ದರ್ಶನವಾಗುವವರೆಗೆ ಹಾಲು ಮುಟ್ಟುವುದಿಲ್ಲವೆಂದು ಕಾಳಲಾದೇವಿ ವ್ರತ ತೊಟ್ಟಳು; ಆ ವ್ರತವೇ ಶ್ರವಣಬೆಳಗೊಳದ ಗೊಮ್ಮಟಮೂರ್ತಿಗೆ ನಿಮಿತ್ತವಾಯಿತು. ಆದರೆ ಅವಳು ಹಾಲು ಬಿಟ್ಟದ್ದು ಯಾವಾಗ? ಮಗ ಚಾವುಂಡರಾಯನು ರಾಜ್ಯದ ಮಂತ್ರಿಯಾಗಿ ದಂಡು ನಡೆಸುವಷ್ಟು ಬೆಳೆದ ಮೇಲೆ. ದಾನಚಿಂತಾಮಣಿ ಅತ್ತಿಮಬ್ಬೆಯನ್ನೂ ನೆನೆಯೋಣ. ಪತಿ ನಾಗದೇವನು ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗೆ ತಾಯಿಯಾಗಿ ಉಳಿದಳು. ವ್ರತನಿಯಮಗಳಿಂದ ದೇಹವನ್ನು ದಂಡಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು, 1007ರಲ್ಲಿ ಲಕ್ಕುಂಡಿಯಲ್ಲಿ ಜಿನಾಲಯವನ್ನು ಎತ್ತಿಸಿದಳು. ಅವಳ ಕೀರ್ತಿ ಅಷ್ಟು ದೀರ್ಘವಾದುದು ಅವಳು ಬದುಕಿ ಉಳಿದುದರಿಂದಲೇ ಅಲ್ಲವೇ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಕೊಡದಿದ್ದರೆ ಜಿನವಾಣಿಗೆ ಅಪಚಾರವಾದೀತು. ತಾಯಿಯ ಪ್ರೀತಿ ಎಷ್ಟೇ ಮಧುರವಾದರೂ ಅದು ರಾಗವೇ. ವಿವೇಕ ತಪ್ಪಿದರೆ ಮೋಹವಾಗಿ ಕಟ್ಟಿಹಾಕುತ್ತದೆ. ವಡ್ಡಾರಾಧನೆಯ ಸುಕೌಶಳಸ್ವಾಮಿಯ ಕಥೆಯನ್ನು ನೆನಪಿಸಿಕೊಳ್ಳಿ. ಮಗನೆಲ್ಲಿ ದೀಕ್ಷೆ ಹಿಡಿದಾನೋ ಎಂದು ಹೆದರಿ ಮುನಿಗಳ ನೆರಳೂ ಅವನ ಮೇಲೆ ಬೀಳದಂತೆ ಕಾದ ತಾಯಿ, ಅವನು ತಪಸ್ಸಿಗೆ ಹೋದಾಗ ಆರ್ತಧ್ಯಾನದಿಂದ ಸತ್ತು ಹುಲಿಯಾಗಿ ಹುಟ್ಟಿ, ತಾನು ಹಾಲೂಡಿ ಬೆಳೆಸಿದ ದೇಹವನ್ನೇ ಸೀಳಿ ತಿಂದಳು. ಹಾಲು ಕೊಟ್ಟ ಮಾತ್ರಕ್ಕೆ ಧರ್ಮ ಮುಗಿಯಲಿಲ್ಲ. ಈ ಜೀವ ತನ್ನ ಕರ್ಮದೊಡನೆ ಬಂದಿದೆ, ತನ್ನ ದಾರಿಯಲ್ಲಿ ಹೋಗಲಿದೆ, ನಡುವೆ ಕೆಲವು ಕಾಲ ಇದನ್ನು ಸಲಹುವ ಹೊಣೆ ನನ್ನದು ಎಂಬ ಭಾವನೆಯಿಂದ ಹಾಲೂಡಬೇಕು. ಆಗ ಹಾಲಿನೊಡನೆ ಸಂಸ್ಕಾರವೂ ಇಳಿಯುತ್ತದೆ.

ಮನೆಯ ಉಳಿದವರಿಗೆ ಎರಡು ಮಾತು. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಿಂದಲೂ ಪುಣ್ಯಪಾಪಗಳು ಬರುತ್ತವೆ. ಸೊಸೆಯನ್ನು ಒತ್ತಾಯಿಸಿ ಉಪವಾಸ ಮಾಡಿಸಿದ ಅತ್ತೆಗೆ ಆ ಅನ್ನಪಾನನಿರೋಧದಲ್ಲಿ ಕಾರಿತದ ಪಾಲಿದೆ. ನೋಡಿಯೂ ಸುಮ್ಮನಿದ್ದ ಗಂಡನಿಗೆ ಅನುಮೋದನೆಯ ಪಾಲಿದೆ. ಅದೇ ರೀತಿ, ತಾನು ಉಂಡು ಕೂಸಿಗೆ ಹಾಲೂಡುತ್ತ ಉಪವಾಸಿಗಳನ್ನು ಮನಸಾರೆ ಮೆಚ್ಚುವ ಸೊಸೆಗೆ ಅವರ ತಪಸ್ಸಿನಲ್ಲಿ ಪಾಲಿದೆ. ಅವಳಿಗೆ ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಬಡಿಸಿ, ಸ್ವಲ್ಪ ಹೊತ್ತು ಕೂಸನ್ನೆತ್ತಿಕೊಂಡು ಅವಳಿಗೆ ನಿದ್ರೆ ಮಾಡಲು ಬಿಡಿ. ಹಾಲು ಸಾಲದೆ ಹೋದರೆ ಅವಳನ್ನು ಹಳಿಯಬೇಡಿ, ವೈದ್ಯರಿಗೆ ತೋರಿಸಿ. ಕೂಸು ದಿನಕ್ಕೆ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದು ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆಯೆಂದು ತಿಳಿಯಬಹುದು. ವೈದ್ಯರು ಹೇಳಿ ಬೇರೆ ಹಾಲು ಕೊಡಬೇಕಾಗಿ ಬಂದರೆ ಬಾಟಲಿಗಿಂತ ಕುದಿಸಿ ತೊಳೆದ ಒಳಲೆ ಒಳ್ಳೆಯದು. ಸೋಸಿದ ನೀರನ್ನೇ ಕುಡಿಯುವ ನಮಗೆ ಶುದ್ಧಿಯ ಪಾಠ ಹೊಸದೇನಲ್ಲ.

ಕೊನೆಗೆ ತಾಯಂದಿರಿಗೆ ಒಂದು ಸುಲಭವಾದ ನಿಯಮವನ್ನು ಸೂಚಿಸುತ್ತೇನೆ. ಒಂಬತ್ತು ಬಾರಿ ಪಂಚನಮಸ್ಕಾರವನ್ನು ಇಪ್ಪತ್ತೇಳು ಉಸಿರುಗಳಲ್ಲಿ ಸ್ಮರಿಸುವುದು ನಮ್ಮಲ್ಲಿ ರೂಢಿಯಲ್ಲಿರುವ ಕಾಯೋತ್ಸರ್ಗದ ಅಳತೆ. ಕೂಸನ್ನು ಎದೆಗೆ ಹಚ್ಚಿಕೊಂಡು ಕುಳಿತಾಗಲೆಲ್ಲ ಅಷ್ಟನ್ನು ಮನಸ್ಸಿನಲ್ಲಿ ಸ್ಮರಿಸಿ. ಸೂತಕದ ದಿನಗಳಲ್ಲಿ ಬಸದಿಗೆ ಹೋಗಿ ಪೂಜೆ ಮಾಡುವಂತಿಲ್ಲವಾದರೂ ಮನಸ್ಸಿನ ಸ್ಮರಣೆಗೆ ಅಡ್ಡಿಯಿಲ್ಲ. ಹಗಲಿರುಳಿನಲ್ಲಿ ಹನ್ನೆರಡು ಬಾರಿ ಹಾಲೂಡಿದರೆ ನೂರೆಂಟಾಯಿತು, ಒಂದು ಜಪಮಾಲೆ ತುಂಬಿತು. ನಿದ್ರೆಗೆಟ್ಟ ನಡುರಾತ್ರಿಯಲ್ಲಿ ಅಳುವ ಕೂಸಿನ ಮೇಲೆ ಸಿಟ್ಟು ಬಾರದಂತೆ ಮನಸ್ಸನ್ನು ಹಿಡಿದರೆ ಅದು ಉತ್ತಮಕ್ಷಮೆಯ ಅಭ್ಯಾಸ. ದಶಲಕ್ಷಣದ ಮೊದಲನೆಯ ದಿನ ಪೂಜಿಸುವುದು ಆ ಕ್ಷಮೆಯನ್ನೇ. ತಪಸ್ಸಿನ ಸರದಿ ಏಳನೆಯ ದಿನ. ಅನಶನದ ಕಾಲ ಮುಂದೆ ಬಂದೇ ಬರುತ್ತದೆ. ಮಗು ಉಣ್ಣಲು ಕಲಿತು ಅಂಗಳದಲ್ಲಿ ಓಡಾಡುವ ವರ್ಷ, ನಿಂತಿದ್ದ ನೋಂಪಿಯನ್ನು ಗುರುಗಳ ಅಪ್ಪಣೆ ಪಡೆದು ಮತ್ತೆ ಹಿಡಿಯಿರಿ. ಪಾರಣೆಯ ದಿನ ಆ ಮಗುವಿನ ಕೈಯಿಂದಲೇ ಜಿನಪಾದಕ್ಕೆ ಅಕ್ಷತೆಯನ್ನು ಅರ್ಪಿಸಿಸಿರಿ.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.