ಬೆಳಗಾದ ಮೇಲೂ ಉಳಿಯುವ ಮಾತು

1623ರಲ್ಲಿ ರೋಮ್ ನಗರದವನೊಬ್ಬ ನಮ್ಮ ತುಳುನಾಡಿನ ಕರಾವಳಿಗೆ ಬಂದಿದ್ದ. ಹೆಸರು ಪಿಯೆತ್ರೊ ಡೆಲ್ಲಾ ವಾಲ್ಲೆ. ಚೌಟ ವಂಶದ ರಾಣಿ ಅಬ್ಬಕ್ಕದೇವಿಯನ್ನು ಅವನು ಮಣೇಲಿನಲ್ಲಿ ಕಂಡದ್ದು ಗದ್ದಿಗೆಯ ಮೇಲಲ್ಲ, ದಾರಿಯಲ್ಲಿ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆ ನೋಡಲು ಆಕೆ ಬರಿಗಾಲಲ್ಲಿ ಹೊರಟಿದ್ದಳು. ಉಡುಗೆ ಅಡುಗೆಮನೆಯ ಆಳಿನಂತಿದ್ದರೂ ಮಾತಿನಲ್ಲಿ ವಿವೇಕ ಕಂಡಿತೆಂದು ಬರೆದಿಟ್ಟ.

ಈ ದೃಶ್ಯ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಆಳುವವರು ಜನರ ಕಣ್ಣಿಗೆ ಬೀಳುವಷ್ಟು ಹತ್ತಿರ ಇರುವುದೇ ಒಳ್ಳೆಯ ಆಡಳಿತವೆ?

ಆಗ ಇಲ್ಲಿ ಆಳುವವರು ಹತ್ತಿರದಲ್ಲೇ ಇದ್ದರು: ಮೂಡುಬಿದಿರೆಯ ಕಡೆ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿ ನಂದಾವರಗಳಲ್ಲಿ ಬಂಗರು. ಇವರ ಮೇಲೆ ವಿಜಯನಗರ, ಆಮೇಲೆ ಇಕ್ಕೇರಿಯ ಅರಸರು. 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದಾಗ ವಿಜಯನಗರದ ಪರವಾಗಿ ಮಂಗಳೂರು ರಾಜ್ಯವನ್ನು ಆಳುತ್ತಿದ್ದವನು ದೇವರಾಜ ಒಡೆಯ. ಕಪ್ಪ ಘಟ್ಟ ಹತ್ತುತ್ತಿತ್ತು. ಬೆಳೆ, ಜಗಳ, ಗಡಿಗುರುತುಗಳೆಲ್ಲ ಇಲ್ಲೇ ತೀರ್ಮಾನವಾಗುತ್ತಿದ್ದವು. ಪ್ರಾಚೀನ ರೋಮನ್ನರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಗೆದ್ದ ಊರುಗಳ ದಿನನಿತ್ಯದ ಕಾರುಬಾರನ್ನು ಅಲ್ಲಿನ ಉಳ್ಳವರ ಸಭೆಗೆ ಬಿಟ್ಟು, ತೆರಿಗೆ, ಸೈನ್ಯ, ದೊಡ್ಡ ನ್ಯಾಯಗಳನ್ನು ತಮ್ಮ ರಾಜ್ಯಪಾಲನ ಕೈಗಿಟ್ಟರು. ದೂರದ ನೆಲವನ್ನು ಆಳಲು ಬೇರೆ ದಾರಿ ಅವರಿಗೂ ಇರಲಿಲ್ಲ.

ಆ ರಾಜ್ಯಪಾಲ ಸುಲಿಗೆಗೆ ಇಳಿದರೆ? ಕ್ರಿಸ್ತಪೂರ್ವ 73ರಿಂದ 71ರವರೆಗೆ ವೆರ್ರೆಸ್ ಎಂಬವನು ಸಿಸಿಲಿ ದ್ವೀಪವನ್ನು ದೋಚಿದ. ಅಧಿಕಾರದಲ್ಲಿ ಇರುವಷ್ಟು ಕಾಲ ಅವನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. ಅವಧಿ ಮುಗಿದ ಮೇಲೆ ಸಿಸಿಲಿಯವರು ಕಡಲು ದಾಟಿ ರೋಮ್‌ಗೇ ಹೋಗಿ ದೂರು ಕೊಡಬೇಕಿತ್ತು. ಅಲ್ಲಿ ತೀರ್ಪು ಕೊಡಲು ಕುಳಿತವರೂ ವೆರ್ರೆಸ್‌ನಂತೆಯೇ ಸೆನೆಟ್ಟಿನವರು. 70ರಲ್ಲಿ ವಾಗ್ಮಿ ಸಿಸೆರೊ ಸಿಸಿಲಿಯವರ ಪರ ವಾದಿಸಿದ್ದರಿಂದ ವೆರ್ರೆಸ್ ತೀರ್ಪಿಗೂ ಕಾಯದೆ ದೇಶ ಬಿಟ್ಟ. ಸಿಸೆರೊನಂಥವನು ಸಿಗದ ಪ್ರಾಂತ್ಯಗಳ ಪಾಡು ಏನಾಗಿದ್ದೀತು!

ನಮ್ಮಲ್ಲಿ ಅರಸನೂ ಗುತ್ತು ಎಂಬ ದೊಡ್ಡ ಮನೆತನದ ಯಜಮಾನನೂ ವರ್ಷಕ್ಕೊಮ್ಮೆ ನೇಮದ, ಅಂದರೆ ದೈವಾರಾಧನೆಯ, ಕಳದಲ್ಲಿ ಕೈಮುಗಿದು ನಿಲ್ಲುತ್ತಿದ್ದರು. ವೇಷ ಕಟ್ಟಿದವನ ಮೈಮೇಲೆ ಬಂದ ದೈವ ಹೆಸರು ಹಿಡಿದು ಕರೆದು ಕೇಳುತ್ತಿತ್ತು, ಊರು ಸುತ್ತ ನಿಂತು ಆಲಿಸುತ್ತಿತ್ತು. ಅಧಿಕಾರದಲ್ಲಿ ಇರುವಾಗಲೇ, ಊರಿನ ನಡುವೆಯೇ, ತನ್ನ ಜಾತಿಯವನಲ್ಲದವನ ಬಾಯಿಂದ ಬಂದ ಪ್ರಶ್ನೆಗೆ ತಲೆಬಾಗುವ ಏರ್ಪಾಡು ಇದು. ಸೆನೆಟ್ಟಿನ ನ್ಯಾಯಸಭೆಯಲ್ಲಿ ಇಲ್ಲದ್ದು ಇಲ್ಲಿತ್ತು ಎಂದು ನಾನು ನಂಬುತ್ತೇನೆ. ಅಧಿಕಾರ ಎಷ್ಟು ದೂರ ಕೈ ಚಾಚುತ್ತದೆ ಎನ್ನುವುದಕ್ಕಿಂತ ಯಾರ ಮುಂದೆ ನಿಂತು ಉತ್ತರ ಹೇಳುತ್ತದೆ ಎನ್ನುವುದರಲ್ಲೇ ಅದರ ಗುಣ ತಿಳಿಯುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಹೆಮ್ಮೆಪಡುವವರನ್ನು ಕಂಡಿದ್ದೇನೆ. ನನಗೆ ಅದು ಆಗುವುದಿಲ್ಲ. ಆ ರಾತ್ರಿ ದೈವವಾಗಿ ನುಡಿದವರು ದೈವದ ವೇಷ ಕಟ್ಟುವ ಜಾತಿಗಳವರು, ಪಂಬದರೋ ಪರವರೋ ನಲಿಕೆಯವರೋ. ವೇಷದ ಅಣಿ ಬಿಚ್ಚಿ, ಮುಖದ ಅರದಲದ ಬಣ್ಣ ತೊಳೆದ ಮೇಲೆ ಅದೇ ಗುತ್ತಿನ ಚಾವಡಿ ಹತ್ತುವ ಹಕ್ಕು ಅವರಿಗಿರಲಿಲ್ಲ. ಯಜಮಾನ ತಲೆಬಾಗಿದ್ದು ದೈವಕ್ಕೆ, ಆ ಮನುಷ್ಯನಿಗಲ್ಲ. ರಾತ್ರಿ ಕೇಳಿದ ಪ್ರಶ್ನೆಯನ್ನೇ ಹಗಲು ತನ್ನ ಸ್ವಂತ ಬಾಯಿಂದ ಕೇಳಿದ್ದರೆ ಆತನ ಗತಿ ಏನಾಗುತ್ತಿತ್ತು? ಹಾಗಾದರೆ ಆ ಉತ್ತರದಾಯಿತ್ವವೂ ಅರ್ಧದ್ದೇ. ರೋಮ್‌ನಲ್ಲಿ ಕೇಳುವವನು ದೂರದಲ್ಲಿದ್ದ, ಇಲ್ಲಿ ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತಿದ್ದ.

ಅದಕ್ಕೇ, ಹಗಲಿನಲ್ಲೇ ಸ್ವಂತ ಬಾಯಿಂದ ಕೇಳಲು ಅವಕಾಶವಿರುವ ಗ್ರಾಮಸಭೆಯನ್ನು ಹಗುರವಾಗಿ ಕಾಣುವವರ ಮಾತು ನನಗೆ ನೋವು ತರುತ್ತದೆ. ಖಾಲಿ ಕುರ್ಚಿಗಳು, ಕೆಟ್ಟ ಮೈಕು, ಕುಡಿಯುವ ನೀರಿನ ಅದೇ ಹಳೆಯ ದೂರು, ಎಲ್ಲ ನಿಜ. ಆದರೂ ಬಂಟ್ವಾಳದ ಒಂದು ಹಳ್ಳಿಯಲ್ಲಿ, ಹಿಂದಿನ ರಾತ್ರಿ ಅಣಿ ಕಟ್ಟಿದ್ದವನು ಲುಂಗಿ ಅಂಗಿಯಲ್ಲಿ ಎದ್ದು ನಿಂತು ತನ್ನ ಕಾಲನಿಯ ರಸ್ತೆಯ ಹಣ ಎಲ್ಲಿ ಹೋಯಿತೆಂದು ಕೇಳಬಹುದು. ಅಧ್ಯಕ್ಷರು ಉತ್ತರ ಹೇಳಬೇಕು. ಆ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.