ಉಪವಾಸವೂ ಉಸಿರಿನ ಔಷಧವೂ

ಅನ್ನ, ಪಾನ, ಖಾದ್ಯ, ಲೇಹ್ಯವೆಂಬ ಚತುರ್ವಿಧ ಆಹಾರಗಳ ತ್ಯಾಗವೇ ಉಪವಾಸವೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಹಾಗಾದರೆ ಈ ನಾಲ್ಕರಲ್ಲಿ ಯಾವುದಕ್ಕೂ ಸೇರದೆ, ಕೇವಲ ಉಸಿರಿನೊಡನೆ ಒಳಹೋಗುವ ಔಷಧದಿಂದ ಉಪವಾಸಕ್ಕೆ ಭಂಗ ಬರುವುದೇ? ಕೆನಡಾ ದೇಶದಲ್ಲಿ ನೆಲೆಸಿರುವ ಕರ್ನಾಟಕದ ಶ್ರಾವಕ ಕುಟುಂಬವೊಂದರಿಂದ ಈ ಪ್ರಶ್ನೆ ಬಂದಿದೆ.

ಆ ಮನೆಯ ಗೃಹಿಣಿಗೆ ರುಮಟಾಯ್ಡ್ ಸಂಧಿವಾತ. ಶರೀರದ ರಕ್ಷಣಾಶಕ್ತಿಯೇ ತನ್ನ ಕೀಲುಗಳ ಒಳಪೊರೆಯ ಮೇಲೆ ತಿರುಗಿಬಿದ್ದು ಉರಿಯೂತವನ್ನುಂಟುಮಾಡುವ ವ್ಯಾಧಿಯಿದು. ನೋವಿನ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಜಠರದಲ್ಲಿ ಹುಣ್ಣಾಗುವ ಭಯ. ಆ ದೇಶದಲ್ಲಿ ವೈದ್ಯರ ಸಮ್ಮತಿಯಿಂದ ಗಾಂಜಾವನ್ನು ಔಷಧವಾಗಿ ಪಡೆಯುವ ವ್ಯವಸ್ಥೆ 2001ರಿಂದ ಇದೆ. 2018ರ ಅಕ್ಟೋಬರಿನಿಂದ ವಯಸ್ಕರಿಗೆ ಅದರ ಮಾರಾಟವೂ ಶಾಸನಬದ್ಧವಾಗಿದೆ. ಅವರು ಅದನ್ನು ಪುಟ್ಟ ಯಂತ್ರವೊಂದರಲ್ಲಿ ಕಾಯಿಸಿ ಆವಿಯನ್ನು ಸೇದುತ್ತಾರೆ. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸವನ್ನು ಬಿಡಲು ಅವರಿಗೆ ಮನಸ್ಸಿಲ್ಲ.

ನೋವಿಗೆ ಪರಿಹಾರ ಹುಡುಕುವುದೇ ದೌರ್ಬಲ್ಯವೆಂದು ಹೇಳುವವರುಂಟು. ಅದು ಸರಿಯಲ್ಲ. ತತ್ತ್ವಾರ್ಥಸೂತ್ರದಲ್ಲಿ ಹೇಳಿದ ನಾಲ್ಕು ಬಗೆಯ ಆರ್ತಧ್ಯಾನಗಳಲ್ಲಿ ವೇದನೆಯಿಂದ ಹುಟ್ಟುವುದೂ ಒಂದು. ಸಮತಾಭಾವದಿಂದ ಸಹಿಸಿದ ನೋವು ನಿರ್ಜರೆಗೆ ಕಾರಣ. ನರಳುತ್ತ ಸಹಿಸಿದ್ದು ಹೊಸ ಬಂಧಕ್ಕೆ ಕಾರಣ. ರೋಗಪರೀಷಹಜಯವು ಮಹಾವ್ರತಿಗಳ ಮಾರ್ಗ. ಗೃಹಸ್ಥನಿಗಾದರೋ, ಆಹಾರ, ಶಾಸ್ತ್ರ, ಅಭಯಗಳೊಡನೆ ಔಷಧವನ್ನೂ ದಾನಯೋಗ್ಯವೆಂದು ಸಾರಿದ ಧರ್ಮವು ಔಷಧಸೇವನೆಯನ್ನು ನಿಂದಿಸಲಾರದು.

ಆದರೆ ಔಷಧವೆಂಬ ಹೆಸರಿಟ್ಟ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಾಗುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು, ಮಾಂಸವು ಔಷಧವಾಗಲಾರದೆಂದು ವಾದಿಸಿದರು. ಗಾಂಜಾದ ವಿಷಯದಲ್ಲಿ ಸಮಂತಭದ್ರಸ್ವಾಮಿಗಳ ವಿವೇಚನೆ ದಾರಿ ತೋರುತ್ತದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಮಧು ಮಾಂಸಗಳನ್ನು ತ್ರಸಹಿಂಸೆಯ ಕಾರಣದಿಂದಲೂ, ಮದ್ಯವನ್ನು ಪ್ರಮಾದದ ಕಾರಣದಿಂದಲೂ ವರ್ಜ್ಯವೆಂದಿದ್ದಾರೆ. ಗಾಂಜಾ ವನಸ್ಪತಿ, ಅದರಲ್ಲಿ ಮೊದಲನೆಯ ದೋಷವಿಲ್ಲ. ಎರಡನೆಯದು ಇರುವುದೇ ಇಲ್ಲವೇ ಎಂಬುದೇ ವಿಚಾರಣೀಯ.

ವೈದ್ಯಶಾಸ್ತ್ರವು ಹೇಳುವಂತೆ ಅದರಲ್ಲಿರುವ ಟಿ.ಎಚ್.ಸಿ. ಎಂಬ ದ್ರವ್ಯವು ಅಮಲನ್ನುಂಟುಮಾಡುತ್ತದೆ, ಸಿ.ಬಿ.ಡಿ. ಎಂಬುದು ಹಾಗೆ ಮಾಡುವುದಿಲ್ಲ. ಸೇದಿದ ಕೆಲವೇ ನಿಮಿಷಗಳಲ್ಲಿ ಪರಿಣಾಮ ಕಾಣಿಸಿಕೊಂಡು, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಬೇಗನೆ ಸಿಗುವ ಶಮನವು ಮತ್ತೆ ಮತ್ತೆ ಬೇಕೆನಿಸುವುದು ಸಹಜ; ತೃಷ್ಣೆಯು ಒಳಗೆ ನುಸುಳುವುದು ಈ ಬಾಗಿಲಿನಿಂದಲೇ. ಇನ್ನು ಫಲದ ಮಾತು. ಇದೇ ವ್ಯಾಧಿಯ 58 ಮಂದಿ ರೋಗಿಗಳಿಗೆ ಐದು ವಾರಗಳ ಕಾಲ ಗಾಂಜಾಸಾರವನ್ನು ಬಾಯೊಳಗೆ ಸಿಂಪಡಿಸಿ ನಡೆಸಿದ, 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೋವು ತಗ್ಗಿ ನಿದ್ರೆ ಸುಧಾರಿಸಿತು. ಬೆಳಗಿನ ಬಿಗಿತ ತಗ್ಗಲಿಲ್ಲ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2021ರಲ್ಲಿ, ಸಾಕಷ್ಟು ಆಧಾರವಿಲ್ಲವೆಂದು, ನೋವಿಗಾಗಿ ಇದರ ಬಳಕೆಯನ್ನು ಅನುಮೋದಿಸಲು ಒಪ್ಪಲಿಲ್ಲ. ಕೀಲುಗಳ ನಾಶವನ್ನು ತಡೆಯುವ ಮೆಥೊಟ್ರೆಕ್ಸೇಟ್ ಮೊದಲಾದ ಔಷಧಗಳಿಗಂತೂ ಇದು ಬದಲಿಯಲ್ಲ.

ಆದಕಾರಣ ಅಳತೆಗೋಲು ಒಂದೇ. ಸೇದಿದ ಮೇಲೆ ಚಿತ್ತವು ಎಚ್ಚರವಾಗಿದ್ದು, ಸಾಮಾಯಿಕದ ಪಾಠ ತಪ್ಪದೆ, ಸಮಿತಿಗುಪ್ತಿಗಳ ವಿವೇಕ ಉಳಿಯುವುದಾದರೆ ಅದು ಔಷಧ. ಬುದ್ಧಿ ಮಂಕಾಗುವ ಪ್ರಮಾಣದಲ್ಲಿ ಅದೇ ವಸ್ತು ಮದ್ಯಸಮಾನ. ವೈದ್ಯರ ಚೀಟಿಯು ಆ ದೋಷವನ್ನು ತೊಳೆಯಲಾರದು. ಬೆಂಕಿಯಲ್ಲಿ ಉರಿಸಿ ಹೊಗೆ ಸೇದುವುದಂತೂ ಶ್ವಾಸಕೋಶಕ್ಕೂ ಅಗ್ನಿಕಾಯಿಕಾದಿ ಜೀವಗಳಿಗೂ ಹಾನಿಕರ. ಅದನ್ನು ಬಿಟ್ಟಿರುವುದು ಉಚಿತವೇ.

ಇನ್ನು ಮೂಲಪ್ರಶ್ನೆ. ಆವಿಯು ಕವಲಾಹಾರವಲ್ಲ, ನಿಜ. ಆದರೆ ಸಮಂತಭದ್ರಸ್ವಾಮಿಗಳು ಉಪವಾಸದ ದಿನ ಬಿಡಬೇಕಾದವುಗಳನ್ನು ಎಣಿಸುವಾಗ ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನಗಳೊಡನೆ ನಸ್ಯವನ್ನೂ ಹೇಳಿದ್ದಾರೆ. ಮೂಗಿನಿಂದ ಸೇವಿಸುವ ನಸ್ಯವು ಆಹಾರವಲ್ಲವೆಂಬುದು ಅವರಿಗೆ ತಿಳಿಯದ ಸಂಗತಿಯೇ? ಆದರೂ ಬಿಡಿಸಿದರು. ಉಪವಾಸವು ಕೇವಲ ಹೊಟ್ಟೆಯ ಲೆಕ್ಕವಲ್ಲ. ಇಂದ್ರಿಯಗಳು ವಿಷಯಗಳಿಂದ ಹಿಂಜರಿದು ಆತ್ಮನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ಆದುದರಿಂದ ಆವಿಯನ್ನು ಸೇದಿದ ದಿನವನ್ನು ಉಪವಾಸವೆಂದು ಎಣಿಸಲಾಗದು.

ಹಾಗೆಂದು ಆ ಶ್ರಾವಿಕೆಯು ವ್ರತಭ್ರಷ್ಟರೆಂದು ಯಾರೂ ತಿಳಿಯಬಾರದು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳಿದ್ದು ‘ಶಕ್ತ್ಯನುಸಾರ’ ಎಂಬ ವಿಶೇಷಣದೊಡನೆ. ಪರ್ವದಿನದಲ್ಲಿ ಅವರು ಏಕಾಶನವನ್ನೋ, ಅವಮೌದರ್ಯವನ್ನೋ, ಒಂದೆರಡು ರಸಗಳ ತ್ಯಾಗವನ್ನೋ ಸ್ವೀಕರಿಸಲಿ. ಆ ಒಂದು ಊಟದೊಡನೆ ವೈದ್ಯರು ಹೇಳಿದ ಮಾತ್ರೆಯನ್ನೂ ನುಂಗಬಹುದು. ಆವಿಗೂ ಇಷ್ಟು ಸಲ, ಇಷ್ಟೇ ಪ್ರಮಾಣ, ಇಷ್ಟು ತಿಂಗಳೆಂದು ಕಾಲಮಿತಿಯುಳ್ಳ ನಿಯಮವನ್ನು ಗುರುಸಾಕ್ಷಿಯಾಗಿ ಕೈಕೊಳ್ಳಲಿ.

ಊರಿಗೆ ಬರುವಾಗ ಅದನ್ನು ಜೊತೆಯಲ್ಲಿ ತರುವಂತಿಲ್ಲವೆಂಬುದೂ ನೆನಪಿರಲಿ. ಗಡಿ ದಾಟಿಸುವುದನ್ನು ಕೆನಡಾದ ಶಾಸನವೇ ನಿಷೇಧಿಸಿದೆ. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಶಾಸನದಂತೆ ಗಾಂಜಾವನ್ನು ಹೊಂದಿರುವುದು ಅಪರಾಧ. ರಾಜ್ಯವಿರುದ್ಧ ನಡವಳಿಕೆಯು ಅಚೌರ್ಯಾಣುವ್ರತದ ಅತಿಚಾರಗಳಲ್ಲೊಂದು.

ಮಾಡಲಾಗದ ಉಪವಾಸಕ್ಕೆ ಶಬ್ದಾರ್ಥದ ಸಂದಿಯಲ್ಲಿ ದಾರಿ ಮಾಡಿಕೊಳ್ಳುವುದಕ್ಕಿಂತ, ಮಾಡಬಲ್ಲ ಏಕಾಶನವನ್ನು ಏಕಾಶನವೆಂದೇ ಹೇಳಿ ಆಚರಿಸುವುದು ಮೇಲು. ಅಲ್ಲಿ ಸತ್ಯಾಣುವ್ರತವೂ ಉಳಿಯುತ್ತದೆ, ದೇಹವೂ ಉಳಿಯುತ್ತದೆ.