ಅಪ್ರಿಯ ಸತ್ಯ ಮತ್ತು ಮಾತಿನ ತಪಸ್ಸು

ಕೇಳುವವರಿಗೆ ಇಷ್ಟವಾಗದ ಸತ್ಯವನ್ನು ಆಡಬಹುದೇ ಎಂಬ ಪ್ರಶ್ನೆಗೆ ಭಾರತೀಯ ಧರ್ಮಚಿಂತನೆಯಲ್ಲಿ ಒಂದೇ ಉತ್ತರವಿಲ್ಲ. ಸತ್ಯವನ್ನೂ ಪ್ರಿಯವನ್ನೂ ನುಡಿಯಬೇಕೆನ್ನುವ ಮನುಸ್ಮೃತಿಯ 4ನೆಯ ಅಧ್ಯಾಯವು ಪ್ರಿಯವಾದ ಸುಳ್ಳಿನ ಜೊತೆಗೆ ಅಪ್ರಿಯವಾದ ಸತ್ಯವನ್ನೂ ನಿಷೇಧಿಸುತ್ತದೆ. ಮಜ್ಝಿಮನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಬುದ್ಧನು ತಳೆಯುವ ನಿಲುವು ಬೇರೆ. ಅಲ್ಲಿ ಪ್ರಿಯ, ಎಂದರೆ ಆ ಗಳಿಗೆಯಲ್ಲಿ ಮನಸ್ಸಿಗೆ ಹಿಡಿಸುವುದು, ಮತ್ತು ಹಿತ, ಎಂದರೆ ಕಡೆಗೆ ಒಳ್ಳೆಯದನ್ನು ಮಾಡುವುದು, ಬೇರೆಬೇರೆಯಾಗುತ್ತವೆ. ಮಗುವಿನ ಬಾಯಿಗೆ ಸಿಕ್ಕ ಕಲ್ಲನ್ನು ರಕ್ತ ಬಂದರೂ ತೆಗೆಯಬೇಕಾಗುವಂತೆ, ಸತ್ಯವೂ ಹಿತವೂ ಆದ ಮಾತನ್ನು ಅದು ಕಹಿಯಾದರೂ ಕಾಲವರಿತು ಆಡಬೇಕಾಗುತ್ತದೆ.

ಭಗವದ್ಗೀತೆಯ 17ನೆಯ ಅಧ್ಯಾಯವು ಯಾರನ್ನೂ ಉದ್ವೇಗಗೊಳಿಸದ, ಸತ್ಯವೂ ಪ್ರಿಯವೂ ಹಿತವೂ ಆದ ಮಾತನ್ನು ವಾಙ್ಮಯ ತಪಸ್ಸು, ಎಂದರೆ ಮಾತಿನ ಮೂಲಕ ನಡೆಸುವ ತಪಸ್ಸು, ಎಂದು ಕರೆಯುತ್ತದೆ. ಮೂರು ಗ್ರಂಥಗಳಲ್ಲಿ ಎಷ್ಟೇ ಭಿನ್ನತೆಯಿದ್ದರೂ ಅವು ಬೋಧಿಸುತ್ತಿರುವುದು ಆಡುವವನಿಗೆ. ಒಬ್ಬನ ಉಪವಾಸವನ್ನು ಇನ್ನೊಬ್ಬನು ಬಲವಂತದಿಂದ ಮಾಡಿಸಿದರೆ ಅದು ವ್ರತವೆನಿಸದು. ಹಾಗೆಯೇ ತಾನಾಗಿ ಕೈಗೊಂಡ ಮೌನಕ್ಕೂ ಹೇರಲ್ಪಟ್ಟ ಮೌನಕ್ಕೂ ಹೊರನೋಟದಲ್ಲಿ ಸಾಮ್ಯವಿದ್ದರೂ ನೈತಿಕವಾಗಿ ಸಂಬಂಧವಿಲ್ಲ. ಆಡುವವನ ಸಂಯಮವನ್ನು ಕೇಳುವವನು ತನ್ನ ಅಧಿಕಾರವಾಗಿ ಮಾರ್ಪಡಿಸಿಕೊಂಡಾಗ ಮಾತಿನ ನಿರ್ಬಂಧ ಹುಟ್ಟುತ್ತದೆ.

ಈ ಗಡಿಯ ಸೂಕ್ಷ್ಮತೆ ಬೃಹದಾರಣ್ಯಕ ಉಪನಿಷತ್ತಿನ 3ನೆಯ ಅಧ್ಯಾಯದಲ್ಲಿ ಕಾಣುತ್ತದೆ. ಜನಕನ ಸಭೆಯಲ್ಲಿ ಒಂದರ ಮೇಲೊಂದು ಪ್ರಶ್ನೆ ಕೇಳುತ್ತ ಬ್ರಹ್ಮಲೋಕದವರೆಗೆ ತಲುಪಿದ ಗಾರ್ಗಿಗೆ, ಅತಿಯಾಗಿ ಕೇಳಿದರೆ ತಲೆ ಬಿದ್ದೀತೆಂದು ಯಾಜ್ಞವಲ್ಕ್ಯನು ಎಚ್ಚರಿಸುತ್ತಾನೆ, ಆಕೆ ಸುಮ್ಮನಾಗುತ್ತಾಳೆ. ಈ ಎಚ್ಚರಿಕೆಯನ್ನು ತರ್ಕಕ್ಕೆ ನಿಲುಕದ ವಿಷಯದ ಎಲ್ಲೆಯೆಂದು ಓದಬಹುದು, ಬೆದರಿಕೆಯೆಂದೂ ಓದಬಹುದು. ಆದರೆ ಕಥನ ಅಲ್ಲಿಗೆ ಮುಗಿಯದೆ, ಗಾರ್ಗಿ ಅದೇ ಸಭೆಯಲ್ಲಿ ಮತ್ತೆ ಎದ್ದು ಎರಡು ಪ್ರಶ್ನೆಗಳನ್ನು ಕೇಳುತ್ತಾಳೆ, ಮತ್ತು ಅಕ್ಷರತತ್ತ್ವದ, ಎಂದರೆ ನಾಶವಿಲ್ಲದ ಪರಮವಸ್ತುವಿನ, ನಿರೂಪಣೆ ಈ ಎರಡನೆಯ ಸರದಿಗೆ ಉತ್ತರವಾಗಿಯೇ ಬರುತ್ತದೆ. ಆಕೆಯ ಮೌನವೇ ಕೊನೆಯದಾಗಿದ್ದರೆ ಆ ಉತ್ತರಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಆಧುನಿಕ ಕಾನೂನೂ ಅಪ್ರಿಯತೆಯೊಂದನ್ನೇ ಅಪರಾಧವೆಂದು ಎಣಿಸುವುದಿಲ್ಲ. ಸಂವಿಧಾನದ 19ನೆಯ ವಿಧಿಯು ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹೇರಬಹುದಾದ ಆಧಾರಗಳನ್ನು ಪಟ್ಟಿಮಾಡುವಾಗ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮೊದಲಾದವನ್ನು ಹೆಸರಿಸುತ್ತದೆಯೇ ಹೊರತು ಮನಸ್ಸಿಗಾದ ನೋವನ್ನಲ್ಲ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮನ್ನು 1957ರಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟು, ಉದ್ದೇಶಪೂರ್ವಕವೂ ದುರುದ್ದೇಶದಿಂದ ಕೂಡಿದುದೂ ಆದ ಧಾರ್ಮಿಕ ಅವಮಾನ ಮಾತ್ರ ಅದರಡಿ ಶಿಕ್ಷಾರ್ಹವೆಂದಿತು. ಹಿಂಸೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅದುಮುವುದು ಸಲ್ಲದೆಂದು 1989ರ ರಂಗರಾಜನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು.

ಆದರೆ ದಿನನಿತ್ಯದ ನಿರ್ಬಂಧಗಳಲ್ಲಿ ಬಹುಪಾಲು ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಮದುವೆಯ ಮಾತುಕತೆಯಲ್ಲಿ ತನ್ನ ಒಲ್ಲದ ಮನಸ್ಸನ್ನು ಹೇಳಹೊರಟ ಮಗಳಿಗೆ, ಕೂಲಿಯ ಲೆಕ್ಕ ಕೇಳಿದ ಆಳಿಗೆ, ಆಚರಣೆಯೊಂದರ ಅರ್ಥವನ್ನು ಪ್ರಶ್ನಿಸಿದ ಕಿರಿಯರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಎದುರುತ್ತರ ಕೊಡಬಾರದೆಂಬ ಗದರಿಕೆಯೇ. ಬುದ್ಧನ ಅಳತೆಗೋಲಿನಲ್ಲಿ ಮೊದಲು ಸತ್ಯ, ಆಮೇಲೆ ಹಿತ, ಆಮೇಲೆ ಕಾಲ ಎಂಬ ಕ್ರಮವಿದ್ದರೆ, ಇಲ್ಲಿ ಆ ಕ್ರಮ ತಲೆಕೆಳಗಾಗಿ, ಆಡಿದವರು ಯಾರು, ಯಾವ ಧಾಟಿಯಲ್ಲಿ ಆಡಿದರು ಎಂಬ ವಿಚಾರಣೆಯಲ್ಲೇ ಮಾತು ಮುಗಿದು, ಅದು ನಿಜವೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಆಡುವವರಿಗೆ ತಪಸ್ಸನ್ನು ವಿಧಿಸುವ ಸಮಾಜವು ಕೇಳುವವರಿಗೂ ಒಂದು ತಪಸ್ಸನ್ನು ವಿಧಿಸದೆ ನ್ಯಾಯವಾಗದು. ಅದರ ಮಾದರಿ ಶಾಸ್ತ್ರಗಳ ಪೂರ್ವಪಕ್ಷದಲ್ಲಿ, ಎಂದರೆ ಖಂಡಿಸುವ ಮೊದಲು ಎದುರಾಳಿಯ ವಾದವನ್ನು ಪೂರ್ತಿಯಾಗಿ ಮುಂದಿಡುವ ಪದ್ಧತಿಯಲ್ಲಿ, ಮೊದಲಿನಿಂದಲೂ ಇದೆ.